ನಾಲ್ಕೂ ಕುದುರೆ ಒಂದೇ ಅಚ್ಚು: ಕ್ಲೀವ್‌ಲ್ಯಾಂಡ್ ಬೇ ಎಂಬ ಅಪರೂಪದ ಸಾರೋಟು ಕುದುರೆ

ಲಂಡನ್ನಿಗೆ ಭಾರತದ ಹೊಸ ಹೈಕಮಿಷನರ್ ಹೋದಾಗ ಅಲ್ಲೊಂದು ಹಳೇ ಪದ್ಧತಿ ನಡೆಯುತ್ತದೆ. ತಮ್ಮ ನೇಮಕದ ಪತ್ರ ಒಪ್ಪಿಸಲು ಅವರು ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಬೇಕು. ಕರೆದೊಯ್ಯಲು ಅರಮನೆಯಿಂದ ಕಾರು ಬರುವುದಿಲ್ಲ, ಕುದುರೆ ಸಾರೋಟು ಬರುತ್ತದೆ. ಬೇರೆ ದೇಶಗಳ ರಾಯಭಾರಿಗಳಿಗಾದರೆ ಎರಡು ಕುದುರೆ, ಕಾಮನ್‌ವೆಲ್ತ್ ದೇಶಗಳ ಹೈಕಮಿಷನರುಗಳಿಗೆ ನಾಲ್ಕು. ಕೆಲಸ ಮುಗಿಸಿ ವಾಪಸ್ ಬಂದ ಮೇಲೆ ಆ ಕುದುರೆಗಳಿಗೆ ಕ್ಯಾರೆಟ್ ತಿನ್ನಿಸುವುದೂ ಉಂಟು.

ಆ ಫೋಟೋಗಳು ಕಣ್ಣಿಗೆ ಬಿದ್ದರೆ ಸಾರೋಟನ್ನು ಬಿಟ್ಟು ಕುದುರೆಗಳನ್ನೇ ಸ್ವಲ್ಪ ಹೊತ್ತು ನೋಡಿ. ನಾಲ್ಕೂ ಒಂದೇ ಎತ್ತರ. ನಾಲ್ಕೂ ಕೆಂಗಂದು ಮೈ, ಕಪ್ಪು ಜೂಲು, ಕಪ್ಪು ಬಾಲ, ಮಂಡಿಯಿಂದ ಕೆಳಗೆ ಕಪ್ಪು ಕಾಲು. ಹಣೆ ಮೇಲೆ ಬಿಳಿ ಪಟ್ಟೆ ಇಲ್ಲ, ಕಾಲಿಗೆ ಬಿಳಿ ಕಾಲ್ಚೀಲ ಹಾಕಿದ ಹಾಗೆ ಇರುವ ಗುರುತೂ ಇಲ್ಲ. ಯಾವುದು ಯಾವುದು ಅಂತ ದಿನಾ ಮೈ ಉಜ್ಜುವವರಿಗೆ ಮಾತ್ರ ಗೊತ್ತಾಗಬೇಕು. ಅರಮನೆ ಲಾಯದಲ್ಲಿರುವ ಈ ಕೆಂಗಂದು ಕುದುರೆಗಳಲ್ಲಿ ಹೆಚ್ಚಿನವು ಕ್ಲೀವ್‌ಲ್ಯಾಂಡ್ ಬೇ ತಳಿಯವು, ಇಲ್ಲವೇ ಅದರ ಬೆರಕೆ. ಇಂಗ್ಲೆಂಡಿನ ಅತಿ ಹಳೆಯ ಕುದುರೆ ತಳಿ ಇದು ಅಂತ ಹೆಸರಿದೆ. ಅಳಿವಿನ ಅಂಚಿನಲ್ಲಿರುವ ತಳಿಗಳ ಪಟ್ಟಿಯಲ್ಲೂ ಇದರ ಹೆಸರಿದೆ.

ನನಗೆ ಈ ಕುದುರೆಯ ಬಗ್ಗೆ ಇಷ್ಟು ಕಾಳಜಿ ಯಾಕೆ ಅಂದರೆ, ಇದರ ಕತೆಯಲ್ಲಿ ಒಂದು ವಿಚಿತ್ರ ಗಂಟಿದೆ. ಎಲ್ಲವೂ ಒಂದೇ ತರ ಹುಟ್ಟುತ್ತವೆ ಅನ್ನುವ ಗುಣಕ್ಕೇ ಜನ ಇದನ್ನು ಹುಡುಕಿಕೊಂಡು ಬಂದರು. ಇವತ್ತು ಇದರ ದೊಡ್ಡ ಕಷ್ಟವೂ ಅದೇ. ಆ ಗಂಟನ್ನು ನಿಧಾನವಾಗಿ ಬಿಚ್ಚಿ ನೋಡೋಣ.

ಹೇರು ಹೊತ್ತ ಕಾಲ

ಮೊದಲು ಹೆಸರು. ಇಲ್ಲಿ ಬೇ ಅಂದರೆ ಸಮುದ್ರದ ಕೊಲ್ಲಿ ಅಲ್ಲ. ಕೆಂಪು ಬೆರೆತ ಕಂದು ಮೈ, ಕಪ್ಪು ಜೂಲು ಬಾಲ ಕಾಲು ಇರುವ ಕುದುರೆಯ ಬಣ್ಣಕ್ಕೆ ಇಂಗ್ಲಿಷಿನವರು ಹೇಳುವ ಹೆಸರು ಅದು. ಕ್ಲೀವ್‌ಲ್ಯಾಂಡ್ ಅಂದರೆ ಅಮೆರಿಕದ ಊರೂ ಅಲ್ಲ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಯಾರ್ಕ್‌ಶೈರಿನ ಉತ್ತರದ ಅಂಚಿನಲ್ಲಿರುವ ಸೀಮೆ. ಕಡಿದಾದ ಬಂಡೆಗಳ ನಾಡು ಅನ್ನುವುದು ಆ ಹೆಸರಿನ ಹಳೇ ಅರ್ಥ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗಾಳಿ ಬೀಸುವ ಬೋಳುಗುಡ್ಡ, ನಡುವೆ ಕಾಲಿಟ್ಟರೆ ಅಂಟಿಕೊಳ್ಳುವ ಜೇಡಿಮಣ್ಣು.

ಆ ಸೀಮೆಯಲ್ಲಿ ಗಾಡಿ ಓಡುವಂಥ ರಸ್ತೆಯೇ ಇರಲಿಲ್ಲ. ಸಾಮಾನು ಸಾಗಬೇಕಾದರೆ ಕುದುರೆ ಬೆನ್ನೇ ಗತಿ. ನಮ್ಮಲ್ಲಿ ಲಂಬಾಣಿಗಳು ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದರಲ್ಲ, ಅಲ್ಲಿ ಹಾಗೆ ತಿರುಗುವ ವ್ಯಾಪಾರಿಗೆ ಚಾಪ್‌ಮನ್ ಅನ್ನುತ್ತಿದ್ದರು. ಅವನ ಹೇರು ಹೊರುವ ಕುದುರೆಗೆ ಚಾಪ್‌ಮನ್ ಕುದುರೆ ಅಂತಲೇ ಹೆಸರಾಯಿತು. ಯಾರ್ಕ್‌ಶೈರಿನಲ್ಲಿ ಆಗ ದೊಡ್ಡ ದೊಡ್ಡ ಕ್ರೈಸ್ತ ಮಠಗಳಿದ್ದವು. ರಿವೋ, ವಿಟ್ಬಿ, ಗಿಸ್‌ಬರೋ ಇವೆಲ್ಲ ಹೆಸರಾದ ಮಠಗಳು. ಉಣ್ಣೆ ಮತ್ತಿತರ ಸರಕು ಮಠದಿಂದ ಮಠಕ್ಕೆ, ಅಲ್ಲಿಂದ ಬಂದರಿಗೆ ಈ ಕುದುರೆಗಳ ಬೆನ್ನ ಮೇಲೆ ಹೋಗುತ್ತಿತ್ತು. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ್ದು 1536ರಿಂದ 1540ರ ನಡುವೆ. ಮಠಗಳು ಹೋದವು, ಕುದುರೆ ಉಳಿಯಿತು. ಆಮೇಲೆ ಅದೇ ಸೀಮೆಯಲ್ಲಿ ಬಟ್ಟೆಗೆ ಬಣ್ಣ ಹಾಕಲು, ಚರ್ಮ ಹದ ಮಾಡಲು ಬೇಕಾದ ಪಟಿಕ ತೆಗೆಯುವ ಗಣಿಗಳು ಶುರುವಾದವು. ಹೇರು ಹೊರುವ ಕೆಲಸಕ್ಕೆ ಬರ ಬರಲಿಲ್ಲ.

ಹದಿನೇಳನೇ ಶತಮಾನದಲ್ಲಿ ಈ ಗಟ್ಟಿಮುಟ್ಟಾದ ಕುದುರೆಗೆ ದಕ್ಷಿಣದ ರಕ್ತ ಬೆರೆಯಿತು. ಉತ್ತರ ಆಫ್ರಿಕಾದ ಬಾರ್ಬ್ ಕುದುರೆ, ಸ್ಪೇನಿನ ಆಂಡಲೂಷಿಯನ್ ಕುದುರೆ ಅಂತ ಹೇಳುತ್ತಾರೆ. ಇಂಗ್ಲೆಂಡಿಗೆ ಬಾರ್ಬ್ ಕುದುರೆ ಬರಲು ದಾರಿ ಸಲೀಸಾದದ್ದಕ್ಕೆ ಒಂದು ಮದುವೆಯೂ ಕಾರಣ. ಎರಡನೇ ಚಾರ್ಲ್ಸ್ ದೊರೆ ಪೋರ್ಚುಗಲ್ಲಿನ ಕ್ಯಾಥರೀನಳನ್ನು ಮದುವೆಯಾದಾಗ ಆಫ್ರಿಕಾದ ಟ್ಯಾಂಜಿಯರ್ ಬಂದರು ವರದಕ್ಷಿಣೆಯಾಗಿ ಬಂತು. ಅದೇ ವರದಕ್ಷಿಣೆಯಲ್ಲಿ ಬಂದ ಇನ್ನೊಂದು ಊರು ನಮ್ಮ ಮುಂಬಯಿ. ಚರಿತ್ರೆಯ ದಾರ ಎಲ್ಲಿಂದ ಎಲ್ಲಿಗೆ ಹೋಗಿ ಸೇರುತ್ತದೆ ನೋಡಿ.

ಆದರೆ ಎರಡು ಬೆರಕೆಗಳನ್ನು ಮಾತ್ರ ಕ್ಲೀವ್‌ಲ್ಯಾಂಡಿನ ರೈತರು ದೂರ ಇಟ್ಟರು. ಒಂದು, ಭಾರೀ ಗಾತ್ರದ ಬಂಡಿ ಕುದುರೆ. ಇನ್ನೊಂದು, ರೇಸಿನ ಥರೋಬ್ರೆಡ್. ಕರಿ ಬಂಡಿ ಕುದುರೆಯ ಕಲೆಯೂ ಇರಬಾರದು, ರೇಸ್ ಕುದುರೆಯ ರಕ್ತವೂ ಇರಬಾರದು ಅನ್ನುವ ಅರ್ಥದ ಮಾತು ಆ ಸೀಮೆಯಲ್ಲಿ ಬಳಕೆಯಲ್ಲಿತ್ತು. ಈ ಹಟ ಯಾಕೆ ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಕೈಯಿಟ್ಟು ನೋಡಿದರೆ

ಕುದುರೆಗಳನ್ನು ಬಿಸಿರಕ್ತ, ತಣ್ಣನೆ ರಕ್ತ, ಬೆಚ್ಚನೆ ರಕ್ತ ಅಂತ ವಿಂಗಡಿಸುವುದು ಯುರೋಪಿನ ರೂಢಿ. ಇದಕ್ಕೂ ಮೈ ಬಿಸಿಗೂ ಸಂಬಂಧ ಇಲ್ಲ. ಮಾತು ಸ್ವಭಾವದ ಬಗ್ಗೆ. ಅರಬ್ಬಿ ಮತ್ತು ಥರೋಬ್ರೆಡ್ ಬಿಸಿರಕ್ತ: ಹಗುರ ಮೈ, ಜಾಸ್ತಿ ಓಟ, ಬೇಗ ಬೆದರುವ ಮನಸ್ಸು. ನೇಗಿಲು ಎಳೆಯುವ ಶೈರ್ ತರದ ಭಾರೀ ಕುದುರೆ ತಣ್ಣನೆ ರಕ್ತ: ಒಂದು ಟನ್ ತೂಗಬಹುದು, ನೆಮ್ಮದಿಯಾಗಿ ಎಳೆಯುತ್ತದೆ, ಆದರೆ ವೇಗ ಕೇಳಬಾರದು. ಸಾರೋಟಿಗೆ ಇವೆರಡೂ ಸರಿಹೋಗುವುದಿಲ್ಲ. ಭಾರ ಎಳೆಯುವ ಕಸುವೂ ಬೇಕು, ಮೈಲಿಗಟ್ಟಲೆ ಒಂದೇ ಲಯದಲ್ಲಿ ಓಡುವ ಉಸಿರೂ ಬೇಕು, ಸಂತೆಯ ಗದ್ದಲದಲ್ಲೂ ಬೆದರದ ಗುಣವೂ ಬೇಕು. ಈ ನಡುವಿನ ಜಾಗದಲ್ಲಿ ನಿಲ್ಲುವ ಕುದುರೆ ಕ್ಲೀವ್‌ಲ್ಯಾಂಡ್ ಬೇ.

ಎತ್ತರ ಸಾಮಾನ್ಯವಾಗಿ 16ರಿಂದ 16.2 ಹ್ಯಾಂಡ್. ಹ್ಯಾಂಡ್ ಅಂದರೆ 4 ಇಂಚು. ಚುಕ್ಕೆಯ ಆಚೆ ಇರುವುದು ಉಳಿದ ಇಂಚು. ಅಂದರೆ 64ರಿಂದ 66 ಇಂಚು, ಸೆಂಟಿಮೀಟರಿನಲ್ಲಿ 163ರಿಂದ 168. ಇದನ್ನು ನೆಲದಿಂದ ತಲೆಯವರೆಗೆ ಅಳೆಯುವುದಿಲ್ಲ, ಕತ್ತು ಬೆನ್ನಿಗೆ ಸೇರುವ ಹೆಗಲ ಏರಿನವರೆಗೆ ಅಳೆಯುತ್ತಾರೆ. ಹಾಗಾಗಿ ಪಕ್ಕದಲ್ಲಿ ನಿಂತರೆ ಮಧ್ಯಮ ಎತ್ತರದ ಮನುಷ್ಯನ ಕಣ್ಣಿಗೆ ಬೆನ್ನಿನ ಆಚೆ ಏನೂ ಕಾಣುವುದಿಲ್ಲ. ತೂಕ ಸುಮಾರು 550ರಿಂದ 700 ಕಿಲೋ.

ಈಗ ಒಂದು ಕೆಲಸ ಮಾಡಿ. ನಿಮ್ಮ ಮಣಿಕಟ್ಟಿಗೆ ಒಂದು ದಾರ ಸುತ್ತಿ ಅಳೆಯಿರಿ. ದೊಡ್ಡವರಿಗೆ ಆರೂವರೆ, ಏಳು ಇಂಚು ಬರುತ್ತದೆ. ಈ ತಳಿಯ ಕುದುರೆಯಲ್ಲಿ ಮುಂಗಾಲಿನ ಮಂಡಿಯ ಕೆಳಗೆ ಹಾಗೆಯೇ ಪಟ್ಟಿ ಸುತ್ತಿದರೆ 9 ಇಂಚು ಅಥವಾ ಅದಕ್ಕಿಂತ ಹೆಚ್ಚು ಇರಬೇಕು ಅಂತ ತಳಿಯ ನಿಯಮ ಹೇಳುತ್ತದೆ. ಆ ಜಾಗದಲ್ಲಿ ಮಾಂಸ ಇರುವುದಿಲ್ಲ. ಎಲುಬು, ಅದಕ್ಕಂಟಿದ ನರದಂಥ ಗಟ್ಟಿ ಸ್ನಾಯುರಜ್ಜು, ಮೇಲೆ ತೊಗಲು, ಅಷ್ಟೇ. ಆರುನೂರು ಕಿಲೋ ಮೈ ಅಷ್ಟರ ಮೇಲೆ ನಿಂತಿರುತ್ತದೆ. ಗಟ್ಟಿ ರಸ್ತೆಯಲ್ಲಿ ವರ್ಷಗಟ್ಟಲೆ ಓಡಬೇಕಾದ ಕುದುರೆಯಲ್ಲಿ ಮೊದಲು ಕೈಕೊಡುವುದು ಇದೇ ಕಾಲು. ಆದ್ದರಿಂದ ಕುದುರೆ ಕೊಳ್ಳುವವರು ಮುಖ ನೋಡುವ ಮೊದಲು ಬಗ್ಗಿ ಕಾಲು ಸವರುತ್ತಾರೆ.

ಸವರಿದರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಈ ಕಾಲಿನಲ್ಲಿ ಕುಚ್ಚುಗೂದಲು ಇಲ್ಲ. ಶೈರ್ ಕುದುರೆಯ ಗೊರಸಿನ ಮೇಲೆ ಲಂಗದ ಅಂಚಿನ ಹಾಗೆ ಉದ್ದ ಕೂದಲು ಇಳಿಬಿದ್ದಿರುತ್ತದೆ, ನೋಡೋಕೆ ಚೆಂದ. ಆದರೆ ಜೇಡಿಮಣ್ಣಿನ ಸೀಮೆಯಲ್ಲಿ ಆ ಕೂದಲಿಗೆ ಕೆಸರು ಮೆತ್ತಿ, ತೇವ ನಿಂತು, ಕೆಳಗಿನ ಚರ್ಮ ಹುಣ್ಣಾಗುತ್ತದೆ. ಕ್ಲೀವ್‌ಲ್ಯಾಂಡ್ ಬೇ ಕಾಲನ್ನು ಒಂದು ಹಿಡಿ ಹುಲ್ಲಿನಿಂದ ಒರೆಸಿದರೆ ಸಾಕು. ಹೊಲದಲ್ಲಿ ನೇಗಿಲಿಗೂ ಇದನ್ನೇ ಹೂಡುತ್ತಿದ್ದ ರೈತನಿಗೆ ಇದು ಸಣ್ಣ ಅನುಕೂಲ ಅಲ್ಲ.

ಗೊರಸಿನ ಬಗ್ಗೆ ನಿಯಮ ಇನ್ನೂ ಖಚಿತ. ಗೊರಸು ನೀಲಿ ಬಣ್ಣದ್ದಾಗಿರಬೇಕು. ನೀಲಿ ಅಂದರೆ ಆಕಾಶದ ನೀಲಿ ಅಲ್ಲ, ಒದ್ದೆ ಕರಿಕಲ್ಲಿನ ಬಣ್ಣ. ಕಾಲು ಬಿಳಿಯಾಗಿದ್ದರೆ ಗೊರಸೂ ಮಾಸಲು ಬಿಳಿಯಾಗಿ ಬೆಳೆಯುತ್ತದೆ, ಕಾಲು ಕಪ್ಪಾಗಿದ್ದರೆ ಗೊರಸೂ ಕಪ್ಪು. ಬಿಳಿ ಗೊರಸು ಮೆತ್ತಗೆ, ಕಪ್ಪು ಗೊರಸು ಗಟ್ಟಿ ಅಂತ ಕುದುರೆ ಸಾಕುವವರಲ್ಲಿ ಬಹಳ ಕಾಲದಿಂದ ನಂಬಿಕೆ ಇದೆ. ಬಣ್ಣದಿಂದಲೇ ಗಟ್ಟಿತನ ಬರುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಆದರೂ ಈ ತಳಿಯ ಗೊರಸು ಗಟ್ಟಿ ಅನ್ನುವುದನ್ನು ಲಾಳ ಹೊಡೆಯುವವರು ಒಪ್ಪುತ್ತಾರೆ. ತಲೆಮಾರುಗಳಿಂದ ಗೊರಸು ನೋಡಿಯೇ ಆರಿಸಿ ಬೆಳೆಸಿದ್ದರ ಫಲ ಅದು.

ಉಳಿದ ಲಕ್ಷಣಗಳೂ ಕೆಲಸಕ್ಕೆ ಹೇಳಿ ಮಾಡಿಸಿದವು. ಎದೆ ಆಳ, ಪಕ್ಕೆಲುಬು ಅಗಲ, ಅಂದರೆ ಉಸಿರಿಗೆ ಜಾಗ ಜಾಸ್ತಿ. ಸೊಂಟ ಬಲವಾಗಿದೆ. ತಲೆ ದೊಡ್ಡದು, ಮೂಗಿನ ಗೆರೆ ಸ್ವಲ್ಪ ಹೊರಕ್ಕೆ ಬಾಗಿರುವುದೂ ಉಂಟು. ಕಿವಿಯೂ ದೊಡ್ಡದೇ. ಅರಬ್ಬಿ ಕುದುರೆಯ ಚೂಪು ಮುಖದ ಅಂದ ಇದಕ್ಕಿಲ್ಲ. ಆದರೆ ಕಣ್ಣು ನೋಡಬೇಕು. ದೊಡ್ಡ ಕಣ್ಣು, ಶಾಂತ ನೋಟ. ಕಣ್ಣಿನಲ್ಲಿ ಕರುಣೆ ಕಾಣಬೇಕು ಅಂತ ತಳಿಯ ನಿಯಮದಲ್ಲೇ ಬರೆದಿದ್ದಾರೆ. ಒಂದು ಪ್ರಾಣಿಯ ಅಳತೆಪಟ್ಟಿಯಲ್ಲಿ ಹೀಗೊಂದು ಸಾಲು ಸೇರಿಸಿದವರ ಮೇಲೆ ನನಗೆ ಗೌರವ ಬರುತ್ತದೆ.

ಇನ್ನು ನಡೆ. ಸಾರೋಟು ಕುದುರೆಯ ಮುಖ್ಯ ಓಟ ನಾಗಾಲೋಟ ಅಲ್ಲ, ಕುಕ್ಕುಲೋಟ. ಕುಕ್ಕುಲೋಟದಲ್ಲಿ ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುತ್ತವೆ. ಮೈ ಆ ಕಡೆ ಈ ಕಡೆ ವಾಲುವುದಿಲ್ಲ, ಗಾಡಿ ಜಗ್ಗುವುದಿಲ್ಲ, ಕುದುರೆಗೂ ಬೇಗ ದಣಿವಾಗುವುದಿಲ್ಲ. ಕೆಲವು ತಳಿಗಳು ಮಂಡಿಯನ್ನು ಎದೆಯವರೆಗೆ ಎತ್ತಿ ಕುಣಿದ ಹಾಗೆ ಓಡುತ್ತವೆ. ಕ್ಲೀವ್‌ಲ್ಯಾಂಡ್ ಬೇ ಹಾಗೆ ಮಾಡುವುದಿಲ್ಲ, ಮಾಡಲೂಬಾರದು. ಹೆಗಲಿನಿಂದಲೇ ಕಾಲು ಚಾಚಿ, ನೆಲವನ್ನು ಉದ್ದುದ್ದ ಅಳೆಯುತ್ತಾ ಹೋಗುತ್ತದೆ. ಅರ್ಧ ಗಂಟೆ ನೋಡುವವರಿಗೆ ಕುಣಿಯುವ ಕುದುರೆ ಇಷ್ಟವಾಗಬಹುದು. ಮೂವತ್ತು ಮೈಲಿ ಹೋಗಬೇಕಾದವನಿಗೆ ಇದೇ ಬೇಕು.

ಜೋಡಿ ಕೂಡುವುದು

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಒಂಟಿ ಹೋರಿಗೆ ಒಂದು ಬೆಲೆ. ಅದಕ್ಕೆ ಸರಿಜೋಡಿ ಸಿಕ್ಕಿತೋ, ಬೆಲೆಯ ಲೆಕ್ಕವೇ ಬೇರೆ. ಕೊಂಬಿನ ಬಾಗು, ಮೈಬಣ್ಣ, ಎತ್ತರ, ಹೆಜ್ಜೆ, ಎಲ್ಲ ಕೂಡಬೇಕು. ಇದು ಬರೀ ಚೆಂದಕ್ಕೆ ಅಲ್ಲ. ನೊಗದ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಆದರೆ ಭಾರವೆಲ್ಲ ಒಂದರ ಹೆಗಲಿಗೇ ಬೀಳುತ್ತದೆ. ಒಂದರ ಹೆಜ್ಜೆ ಉದ್ದ, ಇನ್ನೊಂದರದ್ದು ಗಿಡ್ಡ ಆದರೆ ಒಂದು ಎಳೆಯುತ್ತದೆ, ಇನ್ನೊಂದು ಸುಮ್ನೆ ಜೊತೆಗೆ ಬರುತ್ತದೆ.

ಸಾರೋಟಿನಲ್ಲೂ ಅದೇ ಲೆಕ್ಕ. ನಡುವೆ ಮೂಕಿ, ಆಚೀಚೆ ಕುದುರೆ. ಎರಡೂ ಒಂದೇ ವೇಗದಲ್ಲಿ, ಒಂದೇ ಬಲದಲ್ಲಿ ಹೆಗಲಿನ ಪಟ್ಟಿಗೆ ಎದೆ ಕೊಟ್ಟು ತಳ್ಳಬೇಕು. ಕುದುರೆ ಗಾಡಿ ಎಳೆಯುತ್ತದೆ ಅಂತ ನಾವು ಹೇಳಿದರೂ ಅದು ನಿಜವಾಗಿ ಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ. ಅದರ ಮೇಲೆ ಶ್ರೀಮಂತರಿಗೆ ಇನ್ನೊಂದು ಆಸೆ: ನೋಡುವವರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣಬೇಕು. ಒಂದರ ಹಣೆಯಲ್ಲಿ ಬಿಳಿ ಚುಕ್ಕೆ, ಇನ್ನೊಂದರ ಹಿಂಗಾಲು ಬಿಳಿ ಆದರೆ ಜೋಡಿ ಕೆಟ್ಟಿತು. ನಾಲ್ಕು ಕುದುರೆಯ ಸಾರೋಟಿಗೆ ನಾಲ್ಕನ್ನು ಹೊಂದಿಸುವುದು ಎಷ್ಟು ಕಷ್ಟ ಅಂತ ಯೋಚಿಸಿ. ಒಂದಕ್ಕೆ ಕಾಲು ಉಳುಕಿದರೆ ಮತ್ತೆ ಹುಡುಕಾಟ.

ಕ್ಲೀವ್‌ಲ್ಯಾಂಡ್ ಬೇ ಈ ಕಷ್ಟವನ್ನೇ ಇಲ್ಲದ ಹಾಗೆ ಮಾಡಿತು. ಯಾವ ಗಂಡಿಗೆ ಯಾವ ಹೆಣ್ಣು ಕೊಟ್ಟರೂ ಹುಟ್ಟುವ ಮರಿ ಕೆಂಗಂದು. ಬಿಳಿ ಅಂದರೆ ಹಣೆ ಮೇಲೆ ಪುಟ್ಟ ಚುಕ್ಕೆ ಒಂದಕ್ಕೆ ಮಾತ್ರ ಒಪ್ಪಿಗೆ. ಕಾಲು ಕಪ್ಪಾಗುವ ಬದಲು ಕೆಂಪಗೆ ಉಳಿದರೆ ಕುದುರೆಯನ್ನು ತಳ್ಳಿಹಾಕುವುದಿಲ್ಲ, ಆದರೆ ಬಣ್ಣದಲ್ಲಿ ಕುಂದು ಅಂತ ಎಣಿಸುತ್ತಾರೆ. ಜೂಲು ಬಾಲಗಳಲ್ಲಿ ಅಲ್ಲೊಂದು ಇಲ್ಲೊಂದು ನರೆಗೂದಲು ಕಂಡರೆ ತಪ್ಪಲ್ಲ. ಕೆಲವು ಹಳೇ ವಂಶಗಳ ಗುರುತು ಅದು.

ಇದು ಹೇಗೆ ಸಾಧ್ಯ? ಬಣ್ಣದ ಗುಟ್ಟು ಎರಡು ಜೋಡಿ ಚೀಟಿಗಳಲ್ಲಿದೆ ಅಂತ ಇಟ್ಟುಕೊಳ್ಳಿ. ಪ್ರತಿ ಮರಿಗೂ ಅಪ್ಪನಿಂದ ಒಂದು ಚೀಟಿ, ಅಮ್ಮನಿಂದ ಒಂದು ಚೀಟಿ ಸಿಗುತ್ತದೆ. ಮೊದಲ ಜೋಡಿ ಹೇಳುವುದು, ಮೈಯಲ್ಲಿ ಕಪ್ಪು ಬಣ್ಣ ಮಾಡಬಹುದೋ ಇಲ್ಲವೋ ಅಂತ. ಎರಡೂ ಚೀಟಿಯಲ್ಲಿ ಬೇಡ ಅಂತಿದ್ದರೆ ಜೂಲಿನಿಂದ ಬಾಲದವರೆಗೆ ಪೂರಾ ಕೆಂಪು ಕುದುರೆ. ಒಂದರಲ್ಲಾದರೂ ಮಾಡಬಹುದು ಅಂತಿದ್ದರೆ ಕಪ್ಪು ಬರುತ್ತದೆ. ಎರಡನೇ ಜೋಡಿ ಹೇಳುವುದು, ಆ ಕಪ್ಪು ಎಲ್ಲಿರಬೇಕು ಅಂತ. ಒಂದರಲ್ಲಾದರೂ ಅಂಚಿನಲ್ಲಿ ಮಾತ್ರ ಅಂತಿದ್ದರೆ ಕಪ್ಪು ಜೂಲು, ಬಾಲ, ಕಾಲು, ಕಿವಿಯಂಚಿಗೆ ಸರಿದು ಮೈ ಕಂದಾಗಿ ಉಳಿಯುತ್ತದೆ. ಎರಡರಲ್ಲೂ ಆ ತಡೆ ಇಲ್ಲದಿದ್ದರೆ ಇಡೀ ಮೈ ಕಪ್ಪು.

ಬೇರೆ ತಳಿಗಳಲ್ಲೂ ಕೆಂಗಂದು ಕುದುರೆ ಬೇಕಾದಷ್ಟಿವೆ. ಆದರೆ ಅವುಗಳ ಹೊಟ್ಟೆಯೊಳಗೆ ಬೇರೆ ಚೀಟಿಯೂ ಅಡಗಿರುತ್ತದೆ. ಹೊರಗೆ ಕಾಣುವುದಿಲ್ಲ, ಮರಿಯಲ್ಲಿ ಹೊರಬೀಳುತ್ತದೆ. ಅಪ್ಪ ಅಮ್ಮ ಇಬ್ಬರೂ ಕೆಂಗಂದು, ಮರಿ ಪೂರಾ ಕೆಂಪು. ಕ್ಲೀವ್‌ಲ್ಯಾಂಡ್ ಬೇ ತಳಿಯಲ್ಲಿ ರೈತರು ತಲೆಮಾರುಗಳ ಕಾಲ ಬೇರೆ ಬಣ್ಣದ ಮರಿಗಳನ್ನು ಬದಿಗಿಟ್ಟು, ಅವುಗಳ ಅಪ್ಪ ಅಮ್ಮನ ಮೇಲೂ ಕಣ್ಣಿಟ್ಟು ಆರಿಸುತ್ತಾ ಬಂದರು. ಹೆಚ್ಚುಕಡಿಮೆ ಎಲ್ಲ ಕುದುರೆಗಳಲ್ಲೂ ನಾಲ್ಕು ಚೀಟಿಯೂ ಒಂದೇ ಆಯಿತು. ಜೀನ್ ಅನ್ನುವ ಮಾತೇ ಗೊತ್ತಿಲ್ಲದ ಕಾಲದಲ್ಲಿ, ಬರೀ ಕಣ್ಣು ಮತ್ತು ನೆನಪಿನ ಬಲದಿಂದ ಮಾಡಿದ ಕೆಲಸ ಇದು.

ಬೇಡಿಕೆಯೇ ಕುತ್ತಾದದ್ದು

ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ರಸ್ತೆಗಳು ಸುಧಾರಿಸಿದವು. ಹತ್ತೊಂಬತ್ತನೆಯದರ ಶುರುವಿನಲ್ಲಿ ಮಕಾಡಮ್ ಎಂಬ ಸ್ಕಾಟ್ಲೆಂಡಿನವನು ಜಲ್ಲಿ ಒತ್ತಿ ಗಟ್ಟಿ ಮಾಡುವ ರಸ್ತೆ ಬಳಕೆಗೆ ತಂದ. ಟಾರು ಹಾಕಿದ ರಸ್ತೆಗೆ ಟಾರ್ಮ್ಯಾಕ್ ಅನ್ನುತ್ತಾರಲ್ಲ, ಆ ಮ್ಯಾಕ್ ಇವನೇ. ರಸ್ತೆ ನುಣುಪಾದ ಕೂಡಲೇ ಗಾಡಿ ಹಗುರವಾಯಿತು, ಜನರಿಗೆ ಅವಸರ ಹತ್ತಿತು. ಕ್ಲೀವ್‌ಲ್ಯಾಂಡ್ ಬೇ ವೇಗ ಸಾಲದು ಅನ್ನಿಸಿತು. ಹಾಗಾಗಿ ಅದರ ಹೆಣ್ಣು ಕುದುರೆಗಳಿಗೆ ಥರೋಬ್ರೆಡ್ ಗಂಡು ಕೊಟ್ಟು, ಇನ್ನೂ ಎತ್ತರದ, ಇನ್ನೂ ವೇಗದ ಬೆರಕೆ ತಯಾರು ಮಾಡಿದರು. ಅದೇ ಯಾರ್ಕ್‌ಶೈರ್ ಕೋಚ್ ಕುದುರೆ. ಲಂಡನ್ನಿನ ಶ್ರೀಮಂತರು ಇದಕ್ಕೆ ಮುಗಿಬಿದ್ದರು.

ಇಲ್ಲೇ ತೊಂದರೆ ಶುರುವಾದದ್ದು. ಬೆರಕೆ ಮರಿಗೆ ಬೆಲೆ ಜಾಸ್ತಿ ಸಿಕ್ಕರೆ ರೈತ ಏನು ಮಾಡುತ್ತಾನೆ? ತನ್ನ ಅತ್ಯುತ್ತಮ ಹೆಣ್ಣು ಕುದುರೆಯನ್ನೇ ಬೆರಕೆಗೆ ಬಿಡುತ್ತಾನೆ. ಅವನ ತಪ್ಪು ಅಂತ ಹೇಳಲಾಗದು, ಅವನ ಮನೆಯೂ ನಡೆಯಬೇಕಲ್ಲ. ಆದರೆ ಹೆಣ್ಣು ಕುದುರೆ ಒಂದು ಮರಿ ಹಾಕಲು ಹನ್ನೊಂದು ತಿಂಗಳು ಬೇಕು. ಅವಳಿಯಂತೂ ಅಪರೂಪ. ಬೆರಕೆ ಮರಿ ಹೊತ್ತ ಪ್ರತಿ ವರ್ಷವೂ ಶುದ್ಧ ತಳಿಯ ಮರಿ ಹುಟ್ಟದೆ ಹೋದ ವರ್ಷ. ಬೆರಕೆಗೆ ತಾಯಿಯಾಗಿ ಈ ಕುದುರೆ ಅಷ್ಟು ಚೆನ್ನಾಗಿ ಒದಗಿತು. ಎಲುಬು, ಗಾತ್ರ, ಶಾಂತ ಸ್ವಭಾವ ಇವನ್ನು ಯಾರಿಗೆ ಕೂಡಿಸಿದರೂ ಮರಿಗೆ ದಾಟಿಸುತ್ತಿತ್ತು. ಆ ಗುಣವೇ ಅದನ್ನು ತಿಂದಿತು. ನಮ್ಮ ನಾಟಿ ಹಸುಗಳ ಕೊಟ್ಟಿಗೆಗೆ ಎಚ್‌ಎಫ್, ಜೆರ್ಸಿ ಬಂದ ಮೇಲೆ ಏನಾಯಿತು ಅಂತ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಪೆಟ್ಟು. ಉಗಿಬಂಡಿ ಓಡಿಸಿದ ಮೊದಲ ಸಾರ್ವಜನಿಕ ರೈಲು ದಾರಿ 1825ರಲ್ಲಿ ಸ್ಟಾಕ್‌ಟನ್ ಮತ್ತು ಡಾರ್ಲಿಂಗ್ಟನ್ ನಡುವೆ ತೆರೆಯಿತು. ಎಲ್ಲಿ ಅಂದುಕೊಂಡಿರಿ? ಕ್ಲೀವ್‌ಲ್ಯಾಂಡಿನ ಮಗ್ಗುಲಲ್ಲೇ. ಸಾರೋಟು ಕುದುರೆಯ ತವರಿನ ಬಾಗಿಲಲ್ಲೇ ಅದರ ಕೆಲಸ ಕಸಿಯುವ ಯಂತ್ರ ಹುಟ್ಟಿತು. ಕೆಲವೇ ದಶಕಗಳಲ್ಲಿ ದೂರದೂರಿನ ಟಪಾಲು ಗಾಡಿಗಳು ನಿಂತವು.

ಆದರೂ ಪೂರ್ತಿ ಮುಗಿಯಲಿಲ್ಲ. ರೈಲು ಇಳಿದವರು ಮನೆ ಸೇರಲು ಗಾಡಿ ಬೇಕಿತ್ತು. ಊರೊಳಗೆ ಮೆರೆಯಲು ಸಾರೋಟು ಬೇಕಿತ್ತು. ಜರ್ಮನಿಯವರು ಬಂದು ಈ ಕುದುರೆಗಳನ್ನು ಕೊಂಡೊಯ್ದು ತಮ್ಮ ಹೋಲ್‌ಸ್ಟೈನರ್, ಓಲ್ಡನ್‌ಬರ್ಗ್ ತಳಿಗಳಿಗೆ ಬೆರೆಸಿಕೊಂಡರು. ಇವತ್ತು ಒಲಿಂಪಿಕ್ಸಿನಲ್ಲಿ ಬೇಲಿ ಹಾರುವ ಹೋಲ್‌ಸ್ಟೈನರ್ ನೋಡಿದರೆ ಅದರ ಹಿಂದಿನ ತಲೆಮಾರುಗಳಲ್ಲೆಲ್ಲೋ ಯಾರ್ಕ್‌ಶೈರಿನ ಜೇಡಿಮಣ್ಣಿದೆ ಅಂತ ನೆನಪಿಟ್ಟುಕೊಳ್ಳಿ. ಅಮೆರಿಕಕ್ಕೂ ನೂರಾರು ಹೋದವು. 1884ರಲ್ಲಿ ಕ್ಲೀವ್‌ಲ್ಯಾಂಡ್ ಬೇ ಕುದುರೆ ಸಂಘ ಹುಟ್ಟಿ, ಯಾವ ಕುದುರೆ ಶುದ್ಧ, ಯಾವುದು ಬೆರಕೆ ಅಂತ ವಂಶಾವಳಿ ಪುಸ್ತಕ ಬರೆಯಲು ಶುರು ಮಾಡಿತು. ಎರಡು ವರ್ಷದ ಮೇಲೆ, 1886ರಲ್ಲಿ, ಯಾರ್ಕ್‌ಶೈರ್ ಕೋಚ್ ಕುದುರೆಗೂ ಬೇರೆ ಪುಸ್ತಕ ಬಂತು. ಆ ಎರಡನೇ ಪುಸ್ತಕ 1936ರಲ್ಲಿ ಮುಚ್ಚಿಹೋಯಿತು. ಲಂಡನ್ನೇ ತಿರುಗಿ ನೋಡಿದ್ದ ಆ ಕುದುರೆ ಇವತ್ತು ಒಂದೂ ಇಲ್ಲ. ಮೊದಲನೇ ಮಹಾಯುದ್ಧದಲ್ಲಿ ಫಿರಂಗಿ ಎಳೆಯಲು ಹೋದ ಕುದುರೆಗಳಲ್ಲಿ ಲೆಕ್ಕವಿಲ್ಲದಷ್ಟು ವಾಪಸ್ ಬರಲಿಲ್ಲ. ಕಾರು, ಟ್ರ್ಯಾಕ್ಟರು ಬಂದ ಮೇಲೆ ಉಳಿದವಕ್ಕೂ ಕೆಲಸ ಇರಲಿಲ್ಲ.

1960ರ ದಶಕದ ಆರಂಭಕ್ಕೆ ಬ್ರಿಟನ್ನಿನಲ್ಲಿ ಉಳಿದಿದ್ದ ಶುದ್ಧ ತಳಿಯ ಬೀಜದ ಗಂಡುಗಳು ನಾಲ್ಕು. ನಾಲ್ಕೇ ನಾಲ್ಕು. ಆಗ ಮಲ್ಗ್ರೇವ್ ಸುಪ್ರೀಮ್ ಎಂಬ ಎಳೆಯ ಗಂಡು ಕುದುರೆ ಅಮೆರಿಕಕ್ಕೆ ಮಾರಾಟವಾಗುವುದರಲ್ಲಿತ್ತು. ರಾಣಿ ಎರಡನೇ ಎಲಿಜಬೆತ್ ಅದನ್ನು ತಾವೇ ಕೊಂಡರು. ಕೊಂಡು ಅರಮನೆ ಲಾಯದಲ್ಲಿ ಕಟ್ಟಿಹಾಕಿದ್ದರೆ ಪ್ರಯೋಜನ ಇರಲಿಲ್ಲ. ತಳಿ ಬೆಳೆಸುವವರು ಯಾರು ಬೇಕಾದರೂ ತಮ್ಮ ಹೆಣ್ಣು ಕುದುರೆಯನ್ನು ತರಬಹುದು ಅಂತ ಬಿಟ್ಟುಕೊಟ್ಟರು. ಸುಮಾರು ಹದಿನೈದು ವರ್ಷದಲ್ಲಿ ಶುದ್ಧ ಗಂಡುಗಳ ಸಂಖ್ಯೆ 36ಕ್ಕೆ ಏರಿತು. ರಾಣಿಯ ಗಂಡ ಫಿಲಿಪ್ ಪೋಲೋ ಬಿಟ್ಟ ಮೇಲೆ ಗಾಡಿ ಓಡಿಸುವ ಸ್ಪರ್ಧೆಗೆ ಇಳಿದು, ಅರಮನೆಯ ಕೆಂಗಂದು ಕುದುರೆಗಳನ್ನೇ ಹೂಡಿ ಓಡಿಸಿದರು. ಆ ಆಟಕ್ಕೆ ಅಂತರರಾಷ್ಟ್ರೀಯ ನಿಯಮ ಬರೆಸಿದವರೂ ಅವರೇ. ಟಿವಿಯಲ್ಲಿ ನೋಡಿದ ಜನಕ್ಕೆ ಈ ಕುದುರೆ ಮತ್ತೆ ಪರಿಚಯವಾಯಿತು.

ಬೆಳೆದ ಸಂಖ್ಯೆ, ಕಿರಿದಾದ ಬೇರು

ಇಲ್ಲಿಗೆ ಸುಖಾಂತ್ಯ ಅನ್ನಿಸಬಹುದು. ಹಾಗಲ್ಲ. ನಾಲ್ಕು ಗಂಡಿನಿಂದ ಮೂವತ್ತಾರು ಗಂಡಾದರೆ ತಲೆ ಎಣಿಕೆ ಒಂಬತ್ತು ಪಟ್ಟಾಯಿತು, ಆದರೆ ವೈವಿಧ್ಯ ಒಂಬತ್ತು ಪಟ್ಟಾಗುವುದಿಲ್ಲ. ಎಲ್ಲರೂ ಅದೇ ಅಜ್ಜನ ಮೊಮ್ಮಕ್ಕಳು. ಒಂದೇ ಬಾಳೆಗಿಡದ ಕಂದುಗಳನ್ನು ಕಿತ್ತು ಎಕರೆಗಟ್ಟಲೆ ನೆಟ್ಟರೂ ತೋಟದಲ್ಲಿರುವುದು ಒಂದೇ ಗಿಡ ಇದ್ದ ಹಾಗೆ. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೇ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಂಕಿಯಲ್ಲಿ ತೋರಿಸಿತು. ಸಂಶೋಧಕರು 402 ಕುದುರೆಗಳ ಡಿಎನ್‌ಎ ಮತ್ತು ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗುವ ವಂಶಾವಳಿ ಎರಡನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರು. ಮೊದಲಿದ್ದ ಗಂಡು ವಂಶಗಳಲ್ಲಿ ನೂರಕ್ಕೆ 91, ಹೆಣ್ಣು ವಂಶಗಳಲ್ಲಿ ನೂರಕ್ಕೆ 48 ನಶಿಸಿಹೋಗಿವೆ. ಇವತ್ತು ಬದುಕಿರುವ ಕುದುರೆಗಳ ಜೀನುಗಳಲ್ಲಿ ಅರ್ಧದಷ್ಟು ಬಂದಿರುವುದು ಮೂರೇ ಮೂರು ಪೂರ್ವಜರಿಂದ. ತಾಯಿ ಕಡೆಯ ಬೇರಿನಲ್ಲಿ ನೂರಕ್ಕೆ 70 ಮೂರು ಮೂಲ ಹೆಣ್ಣುಗಳಿಗೆ ಹೋಗಿ ನಿಲ್ಲುತ್ತದೆ. ತಂದೆ ಕಡೆಯ ಎಲ್ಲ ದಾರಿಯೂ ಒಂದೇ ಒಂದು ಮೂಲ ಗಂಡು ಕುದುರೆಯನ್ನು ಮುಟ್ಟುತ್ತದೆ.

ಹತ್ತಿರದ ನಂಟಿನಲ್ಲೇ ಮರಿ ಹುಟ್ಟಿದರೆ ಏನಾಗುತ್ತದೆ? ಮತ್ತೆ ಚೀಟಿಗಳಿಗೆ ಬರೋಣ. ಪ್ರತಿ ಪ್ರಾಣಿಯಲ್ಲೂ ಒಂದಷ್ಟು ಕೆಟ್ಟ ಚೀಟಿಗಳು ಅಡಗಿರುತ್ತವೆ. ಜೊತೆಯ ಚೀಟಿ ಒಳ್ಳೆಯದಿದ್ದರೆ ಕೆಟ್ಟದ್ದು ಬಾಯಿ ಮುಚ್ಚಿಕೊಂಡಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಒಂದೇ ಅಜ್ಜನಿಂದ ಅದೇ ಕೆಟ್ಟ ಚೀಟಿ ಪಡೆದಿದ್ದರೆ ಮರಿಗೆ ಎರಡೂ ಕೆಟ್ಟದ್ದೇ ಸಿಗುವ ಸಾಧ್ಯತೆ ಜಾಸ್ತಿ. ಗಬ್ಬ ನಿಲ್ಲದಿರುವುದು, ಬೀಜದ ಶಕ್ತಿ ಕುಗ್ಗುವುದು, ರೋಗ ತಡೆಯುವ ಶಕ್ತಿ ಕಡಿಮೆಯಾಗುವುದು ಹೀಗೆ ನಿಧಾನವಾಗಿ ಹೊರಬರುತ್ತದೆ. ಕೆಂಗಂದು ಬಣ್ಣವನ್ನು ಗಟ್ಟಿ ಮಾಡಿದ ದಾರಿಯೂ ಇದೇ, ಬೇಡದ್ದನ್ನು ಗಟ್ಟಿ ಮಾಡುವ ದಾರಿಯೂ ಇದೇ. ಬಣ್ಣ ಕಣ್ಣಿಗೆ ಕಾಣುತ್ತದೆ, ಆರಿಸಬಹುದು. ಉಳಿದದ್ದು ಕಾಣುವುದಿಲ್ಲ.

ಹಾಗಿದ್ದರೆ ಹೊರಗಿನ ರಕ್ತ ತಂದು ಬೆರೆಸಬಾರದೇ ಅಂತ ಕೇಳಬಹುದು. ಬೆರೆಸಿದರೆ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಬೆರಕೆಯಿಂದಲೇ ಅಳಿವಿನ ಅಂಚಿಗೆ ಬಂದ ತಳಿ ಇದು. ಯಾರ್ಕ್‌ಶೈರ್ ಕೋಚ್ ಕುದುರೆಗೆ ಆದದ್ದನ್ನು ಕಂಡವರು ಬೇಗ ಒಪ್ಪುವುದಿಲ್ಲ. ನನಗೂ ಅವರ ಕಡೆಗೇ ಮನಸ್ಸು ವಾಲುತ್ತದೆ, ಇರುವ ವಂಶಗಳನ್ನು ಸರಿಯಾಗಿ ಬಳಸಿಕೊಳ್ಳುವುದು ಇನ್ನೂ ಬಾಕಿ ಇರುವವರೆಗಾದರೂ.

ಆ ಕೆಲಸ ಈಗ ನಡೆಯುತ್ತಿದೆ. ಬ್ರಿಟನ್ನಿನ ಅಪರೂಪದ ತಳಿಗಳ ಉಳಿವಿನ ಟ್ರಸ್ಟ್ ಈ ಕುದುರೆಯನ್ನು ಅತಿ ಕಾಳಜಿ ಬೇಕಾದ ಪಟ್ಟಿಯಲ್ಲಿಟ್ಟಿದೆ. ಗಂಡಿನ ಬೀಜವನ್ನು ಹೆಪ್ಪುಗಟ್ಟಿಸಿ ಕಾಪಿಡುವ ವ್ಯವಸ್ಥೆಯಿದೆ. ಪ್ರತಿ ಕುದುರೆಗೂ ಉಳಿದೆಲ್ಲ ಕುದುರೆಗಳ ಜೊತೆ ಸರಾಸರಿ ಎಷ್ಟು ನಂಟು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ನಂಟು ಕಡಿಮೆ ಇದ್ದಷ್ಟೂ ಆ ಕುದುರೆಯ ಜೀನು ಅಪರೂಪ, ಅದರ ಮರಿ ಅಷ್ಟು ಮುಖ್ಯ. ಬಹುಮಾನ ಗೆದ್ದ ಗಂಡಿಗೇ ಎಲ್ಲ ಹೆಣ್ಣುಗಳನ್ನೂ ಒಯ್ಯುವ ಹಳೇ ಚಟವನ್ನು ಇದು ತಿರುಗಿಸಿ ಹಾಕಿತು. ಪ್ರದರ್ಶನದಲ್ಲಿ ಯಾವತ್ತೂ ಗೆಲ್ಲದ, ಯಾವುದೋ ಹೊಲದ ಮೂಲೆಯಲ್ಲಿ ಮೇಯುವ ಮುದಿ ಹೆಣ್ಣು ಕುದುರೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಬಹುದು.

ಅಂಥ ಹೆಣ್ಣಿಗೆ ಮರಿ ಹುಟ್ಟುವ ರಾತ್ರಿ ಲಾಯದಲ್ಲಿ ನಿದ್ದೆ ಇರುವುದಿಲ್ಲ. ಮರಿ ನೆಲಕ್ಕೆ ಬಿದ್ದ ಕೂಡಲೇ ಹೆಣ್ಣೋ ಗಂಡೋ ಅಂತ ನೋಡುತ್ತಾರೆ. ಹೆಣ್ಣಾದರೆ ಒಂದು ತಾಯಿವಂಶ ಇನ್ನೊಂದು ತಲೆಮಾರು ಮುಂದೆ ಹೋಯಿತು ಅಂತ ಅರ್ಥ. ಗಂಟೆ ಎರಡು ಗಂಟೆಯೊಳಗೆ ಮರಿ ಎದ್ದು ನಡುಗುತ್ತಾ ನಿಲ್ಲುತ್ತದೆ. ಅದರ ಕಾಲು ನೋಡಿದರೆ ಹೊಸಬರಿಗೆ ಗಾಬರಿಯಾಗಬಹುದು, ಕಪ್ಪೇ ಇರುವುದಿಲ್ಲ, ಮಾಸಲು ಬೂದು ಬಣ್ಣ. ಕೆಲವು ತಿಂಗಳು ಕಾಯಬೇಕು. ಮರಿಗೂದಲು ಉದುರಿ ಹೊಸ ಕೂದಲು ಬರುವಾಗ, ಮಂಡಿಯ ಹತ್ತಿರ ಮೊದಲ ಕಪ್ಪು ಮೂಡುತ್ತದೆ.